ಮುರಕಲ್ಲಿನ ದೈತ್ಯನಿಗೆ ಕತ್ತಿ ಯಾವಾಗ ತಾಗಬೇಕು? ನನ್ನ ಆರ್‌ಪಿಜಿಗೆ ಡ್ಯಾಮೇಜ್ ಟೈಪ್ ಕಟ್ಟಿದ ಲಾಗ್

ಗೊಡೋ ಎಂಬ ಗೇಮ್ ಎಂಜಿನ್‌ನಲ್ಲಿ ನಾನು ಕಟ್ಟುತ್ತಿರುವ ಸಣ್ಣ ಆರ್‌ಪಿಜಿಗೆ (ಪಾತ್ರ ವಹಿಸಿ ಆಡುವ ಆಟಕ್ಕೆ) ಡ್ಯಾಮೇಜ್ ಟೈಪ್, ಅಂದರೆ ಪೆಟ್ಟಿನ ಬಗೆ, ಮತ್ತು ರೆಸಿಸ್ಟೆನ್ಸ್, ಅಂದರೆ ಆ ಪೆಟ್ಟು ತಡೆಯುವ ಶಕ್ತಿ, ಎರಡೂ ಈಗ ಸೇರಿವೆ. ಸರದಿಯ ಮೇಲೆ ಹೊಡೆದಾಡುವ ಆಟ ಇದು. ನಡೆಯುವುದು ನಮ್ಮದೇ ಕರಾವಳಿಯಂಥ ಊರಿನಲ್ಲಿ: ಒಂದು ಕಡೆ ಉಳ್ಳಾಲದ ಹಾಗೆ ಅಳಿವೆ, ಇನ್ನೊಂದು ಕಡೆ ಮಲ್ಪೆಯ ಹಾಗೆ ಬಂದರು, ನಡುವೆ ಗದ್ದೆ, ತೋಟ, ಕಲ್ಲಿನ ಕೋರೆ. ಇಷ್ಟು ದಿನ ಪ್ರತಿ ಆಯುಧಕ್ಕೂ ಒಂದೇ ಸಂಖ್ಯೆ, ಪ್ರತಿ ಶತ್ರುವಿಗೂ ಒಂದೇ ಸಂಖ್ಯೆ ಇತ್ತು. ಅದರಲ್ಲಿ ಆಟಗಾರನಿಗೆ ಯೋಚಿಸಲು ಏನೂ ಉಳಿಯುವುದಿಲ್ಲ. ದೊಡ್ಡ ಸಂಖ್ಯೆಯ ಆಯುಧ ಸಿಕ್ಕಿತೋ, ಹಳೆಯದನ್ನು ಮಾರಿದ, ಮುಂದೆ ಹೋದ. ಅಷ್ಟೇ ಅಲ್ವಾ?

ಹಾಗಾಗಿ ಈ ಭಾಗವನ್ನು ಪೂರ್ತಿ ಬಿಚ್ಚಿ ಮತ್ತೆ ಕಟ್ಟಿದೆ. ಕಟ್ಟುವಾಗ ಒಂದೇ ನಿಯಮ ಹಿಡಿದುಕೊಂಡೆ: ಶತ್ರು ಯಾವುದರಿಂದ ಮಾಡಿದ್ದಾನೆ ಎಂದು ಆಟಗಾರನ ಕಣ್ಣಿಗೆ ಕಾಣಬೇಕು, ರೆಸಿಸ್ಟೆನ್ಸ್ ಅದರಿಂದಲೇ ಹುಟ್ಟಬೇಕು. ಕೋಷ್ಟಕ ಬಾಯಿಪಾಠ ಮಾಡಿದವನು ಮಾತ್ರ ಗೆಲ್ಲುವ ಆಟ ನನಗೆ ಬೇಡ.

ಮೊದಲ ಪ್ರಶ್ನೆ, ಎಷ್ಟು ಟೈಪ್ ಬೇಕು? ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ಐದನೇ ಆವೃತ್ತಿಯಲ್ಲಿ 13 ಇವೆ. ಪೋಕೆಮಾನ್ 1996ರಲ್ಲಿ 15 ಟೈಪ್‌ಗಳೊಂದಿಗೆ ಶುರುವಾಯಿತು, ಎರಡನೇ ಪೀಳಿಗೆಯಲ್ಲಿ ಡಾರ್ಕ್ ಮತ್ತು ಸ್ಟೀಲ್ ಸೇರಿ 17 ಆಯಿತು, 2013ರಲ್ಲಿ ಫೇರಿ ಬಂದು 18. ಡಾರ್ಕ್ ಸೋಲ್ಸ್‌ನಲ್ಲಿ ಆಯುಧದ ಪೆಟ್ಟನ್ನೇ ಸಾಮಾನ್ಯ, ಜಜ್ಜುವುದು, ಕಡಿಯುವುದು, ಇರಿಯುವುದು ಎಂದು ನಾಲ್ಕು ಮಾಡಿ, ಅದರ ಜೊತೆಗೆ ಮಾಯೆ, ಬೆಂಕಿ, ಸಿಡಿಲು ಇಟ್ಟಿದ್ದಾರೆ. ಪೋಕೆಮಾನ್‌ನಲ್ಲಿ ನೂರಾರು ಪ್ರಾಣಿಗಳಿವೆ, ಆಟವೇ ಆ ಕೋಷ್ಟಕದ ಮೇಲೆ ನಿಂತಿದೆ, ಅಲ್ಲಿ 18 ಸರಿ. ನನ್ನ ಆಟದಲ್ಲಿ ಶತ್ರುಗಳೇ ಕಡಿಮೆ. ಒಂದು ಟೈಪ್ ಉಳಿಯಬೇಕಾದರೆ ಅದು ಚೆನ್ನಾಗಿ ತಾಗುವ ಒಬ್ಬ ಶತ್ರು ಮತ್ತು ಸ್ವಲ್ಪವೂ ಸರಿಯಾಗಿ ತಾಗದ ಒಬ್ಬ ಶತ್ರು, ಎರಡೂ ಇರಲೇಬೇಕು ಎಂದು ಲೆಕ್ಕ ಹಾಕಿದೆ. ಹಾಗೆ ಜರಡಿ ಹಿಡಿದಾಗ ಉಳಿದದ್ದು ಆರು: ಕಡಿತ, ಇರಿತ, ಜಜ್ಜು, ಬೆಂಕಿ, ಸಿಡಿಲು, ವಿಷ. ಹಿಮ ಬಿಟ್ಟೆ. ಮಂಗಳೂರಿನ ಸೆಕೆಯಲ್ಲಿ ಕೂತು ಹಿಮದ ಮಂತ್ರ ಬರೆದರೆ ಅದು ಬೇರೆ ಯಾರದ್ದೋ ಆಟದಿಂದ ಎತ್ತಿದ ಹಾಗೆ ಕಾಣುತ್ತದೆ, ನಮ್ಮ ಊರಿನಲ್ಲಿ ಅದಕ್ಕೆ ಬೇರು ಇಲ್ಲ. ಉಪ್ಪನ್ನು ಏಳನೇ ಟೈಪ್ ಮಾಡುವ ಆಸೆ ಇತ್ತು, ಆದರೆ ಉಪ್ಪುಗಾಳಿ ಮಾಡುವ ಕೆಲಸ ಪೆಟ್ಟಲ್ಲ, ತುಕ್ಕು. ಅದನ್ನು ಕಬ್ಬಿಣದ ಕವಚ ಸವೆಸುವ ಬೇರೆ ಲೆಕ್ಕಕ್ಕೆ ಸೇರಿಸಿದೆ. ಸಮುದ್ರದ ಬದಿಯಲ್ಲಿ ಬೈಕ್ ಇಟ್ಟುಕೊಂಡವರಿಗೆ ಈ ನಿಯಮ ವಿವರಿಸಬೇಕಾಗಿಲ್ಲ.

ಇನ್ನೊಂದು ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಕರಾವಳಿಯ ಆಟ ಅಂದ ಕೂಡಲೇ ದೈವಗಳನ್ನು ಶತ್ರು ಮಾಡು, ಬಾಸ್ ಮಾಡು ಎಂದು ಸಲಹೆ ಕೊಡುವವರು ತುಂಬಾ ಜನ. ಮಾಡುವುದಿಲ್ಲ. ಅದು ನಂಬಿ ನಡೆಯುವ ವಿಷಯ, ಅದಕ್ಕೆ ಹೆಲ್ತ್ ಬಾರ್ ಹಾಕಲು ನನಗೆ ಮನಸ್ಸಿಲ್ಲ. ಕಲ್ಲು, ಏಡಿ, ಮಡಲು (ತೆಂಗಿನ ಗರಿ), ಹಾವು, ಕಡಲ್ಗಳ್ಳರು, ಇಷ್ಟರಲ್ಲೇ ಬೇಕಾದಷ್ಟು ಆಟ ಇದೆ.

ಡೇಟಾ ಹೀಗಿದೆ. ಆಯುಧ ಅಂದರೆ ಒಂದು ರಿಸೋರ್ಸ್ ಫೈಲ್, ಅದರೊಳಗೆ ಒಂದು ಡಿಕ್ಷನರಿ: ಟೈಪ್ ಮತ್ತು ಅದರ ಪ್ರಮಾಣ. ಕತ್ತಿಗೆ ಕಡಿತ 18. ಭರ್ಚಿಗೆ ಇರಿತ 18. ಒನಕೆಗೆ ಜಜ್ಜು 20. ಒನಕೆಯನ್ನು ಆಯುಧ ಮಾಡಿದ್ದಕ್ಕೆ ಚಿತ್ರದುರ್ಗದ ಓಬವ್ವನನ್ನು ನೆನೆಯದ ಕನ್ನಡಿಗರು ಇರಲಿಕ್ಕಿಲ್ಲ, ಹಾಗಾಗಿ ಅದು ಜಜ್ಜುವ ಆಯುಧ ಎಂದು ಯಾರಿಗೂ ಹೇಳಿಕೊಡಬೇಕಾಗಿಲ್ಲ. ತೂಟೆ, ಅಂದರೆ ಒಣ ಮಡಲು ಕಟ್ಟಿ ಹಚ್ಚಿದ ಪಂಜು, ಅದಕ್ಕೆ ಎರಡು ಭಾಗ: ಜಜ್ಜು 6, ಬೆಂಕಿ 12. ಶತ್ರುವಿನ ರಿಸೋರ್ಸ್‌ನಲ್ಲಿ ಪ್ರತಿ ಟೈಪ್‌ಗೂ ಒಂದು ಗುಣಕ. 1.0 ಅಂದರೆ ಪೆಟ್ಟು ಹಾಗೇ ಬೀಳುತ್ತದೆ, 0.5 ಅಂದರೆ ಅರ್ಧ, 1.5 ಅಂದರೆ ಒಂದೂವರೆ ಪಟ್ಟು. ಏನೂ ಬರೆಯದಿದ್ದರೆ 1.0. ಒಳಗೆ ಗುಣಕ ಇಡಿ, ಆಟಗಾರನಿಗೆ ತೋರಿಸುವಾಗ ಮಾತ್ರ ಶೇಕಡ ಮಾಡಿ. ಒಳಗೂ ಶೇಕಡ ಇಟ್ಟುಕೊಂಡರೆ ಎಲ್ಲಿ ಕೂಡಬೇಕು, ಎಲ್ಲಿ ಗುಣಿಸಬೇಕು ಎಂದು ಪ್ರತಿ ಸಲ ಮಂಡೆಬಿಸಿ.

ಗೊಡೋದಲ್ಲಿ ಬರೆಯುವವರಿಗೆ ಒಂದು ಎಚ್ಚರಿಕೆ. ಅದರ ಭಾಷೆಯಾದ ಜಿಡಿಸ್ಕ್ರಿಪ್ಟ್‌ನಲ್ಲಿ ಎರಡು ಪೂರ್ಣಾಂಕಗಳನ್ನು ಭಾಗಿಸಿದರೆ ಉತ್ತರವೂ ಪೂರ್ಣಾಂಕವೇ ಆಗುತ್ತದೆ, 10ನ್ನು 30ರಿಂದ ಭಾಗಿಸಿದರೆ 0 ಬರುತ್ತದೆ. ಕವಚದ ಲೆಕ್ಕದಲ್ಲಿ ಹೀಗಾದರೆ ಕವಚವೇ ಇಲ್ಲದ ಹಾಗೆ ಪೆಟ್ಟು ಬೀಳುತ್ತದೆ, ದೋಷ ಎಲ್ಲಿದೆ ಎಂದು ಹುಡುಕುವುದು ಕಷ್ಟ. ಎಲ್ಲವನ್ನೂ ಫ್ಲೋಟ್‌ನಲ್ಲಿ, ಅಂದರೆ ದಶಮಾಂಶ ಸಂಖ್ಯೆಯಲ್ಲಿ ಇಟ್ಟು, ಪೂರ್ಣಾಂಕ ಮಾಡುವ ಕೆಲಸವನ್ನು ಪರದೆಗೆ ಬರೆಯುವಾಗ ಒಂದೇ ಸಲ ಮಾಡಬೇಕು.

ಕವಚದ ಸೂತ್ರ

ಇಲ್ಲಿ ನಾನು ಜಾಸ್ತಿ ಹೊತ್ತು ಕೂತೆ. ಎಲ್ಲರಿಗೂ ಮೊದಲು ಹೊಳೆಯುವುದು ಕಳೆಯುವ ಲೆಕ್ಕ: ಪೆಟ್ಟು 20, ಕವಚ 12, ಬೀಳುವುದು 8. ಓದಲು ಸುಲಭ. ಆದರೆ ಇದೇ ಕವಚಕ್ಕೆ 10ರ ಎರಡು ಪೆಟ್ಟು ಕೊಡುವ ಚೂರಿ ತಂದರೆ ಏನಾಗುತ್ತದೆ? ಎರಡೂ ಸೊನ್ನೆ. ಕಾಗದದ ಮೇಲೆ ಎರಡೂ ಆಯುಧ 20ರವೇ, ಆಟದಲ್ಲಿ ಒಂದಕ್ಕೆ ಬೆಲೆ ಇದೆ, ಇನ್ನೊಂದಕ್ಕೆ ಇಲ್ಲ. ಎರಡು ಟೈಪ್ ಸೇರಿದ ಆಯುಧಕ್ಕೂ ಇದೇ ಗತಿ. ಕಡಿತ 10, ಬೆಂಕಿ 10 ಇರುವ ಖಡ್ಗ, ಎದುರಿಗೆ ಎರಡಕ್ಕೂ 8ರ ರಕ್ಷಣೆ. ಉಳಿಯುವುದು 2 ಮತ್ತು 2, ಒಟ್ಟು 4. ಬರೀ ಕಡಿತ 20 ಇದ್ದಿದ್ದರೆ 12 ಬೀಳುತ್ತಿತ್ತು. ಡಾರ್ಕ್ ಸೋಲ್ಸ್ ಆಡಿದವರಿಗೆ ಇದು ಗೊತ್ತು. ಅಲ್ಲಿ ಪ್ರತಿ ಟೈಪ್ ತನ್ನದೇ ರಕ್ಷಣೆಯನ್ನು ದಾಟಿ ಬರಬೇಕು, ಸೂತ್ರ ಸುಮ್ನೆ ಕಳೆಯುವುದಕ್ಕಿಂತ ಜಟಿಲವಾದರೂ ಪೆಟ್ಟು ಎರಡು ಪಾಲಾದ ಆಯುಧ ತೋರುವ ಸಂಖ್ಯೆಗಿಂತ ಕಡಿಮೆಯೇ ಹೊಡೆಯುತ್ತದೆ.

ಎರಡನೇ ದಾರಿ ಪ್ರಮಾಣದ ಲೆಕ್ಕ. 2002ರ ವಾರ್‌ಕ್ರಾಫ್ಟ್ 3 ಇದಕ್ಕೆ ಒಳ್ಳೆಯ ಪಾಠ. ಅಲ್ಲಿ ಕವಚದ ಅಂಕವನ್ನು 0.06ರಿಂದ ಗುಣಿಸಿ, ಅದನ್ನು 1 ಕೂಡಿಸು ಅದೇ ಸಂಖ್ಯೆಯಿಂದ ಭಾಗಿಸುತ್ತಾರೆ. ಕವಚ 5 ಇದ್ದರೆ ಪೆಟ್ಟು ಸುಮಾರು 23% ಕಡಿಮೆ, 10 ಇದ್ದರೆ 37.5%, 20 ಇದ್ದರೆ ಸುಮಾರು 55%. ನೋಡಿದ ಕೂಡಲೇ ಮೇಲೆ ಹೋದ ಹಾಗೆ ಕವಚಕ್ಕೆ ಬೆಲೆ ಕಮ್ಮಿಯಾಗುತ್ತಿದೆ ಅನ್ನಿಸುತ್ತದೆ, ಆದರೆ ಹಾಗಲ್ಲ. ಆ ಯೋಧ ಒಟ್ಟು ಎಷ್ಟು ಪೆಟ್ಟು ತಡೆದುಕೊಂಡು ನಿಲ್ಲುತ್ತಾನೆ ಎಂದು ಲೆಕ್ಕ ಹಾಕಿದರೆ ಪ್ರತಿ ಅಂಕವೂ ಅವನ ಆಯುಸ್ಸಿಗೆ ಅಷ್ಟೇ 6% ಸೇರಿಸುತ್ತದೆ, ಮೊದಲ ಅಂಕವಾದರೂ ಅಷ್ಟೇ, ಇಪ್ಪತ್ತನೆಯದಾದರೂ ಅಷ್ಟೇ. ಎಷ್ಟೇ ಕವಚ ಹಾಕಿದರೂ 100% ಮುಟ್ಟುವುದಿಲ್ಲ. ನನಗೆ ಈ ಸೂತ್ರ ತುಂಬಾ ಇಷ್ಟವಾಯಿತು, ಇಷ್ಟು ಚಿಕ್ಕದಾಗಿ ಇಷ್ಟು ನ್ಯಾಯವಾಗಿರುವುದು ಅಪರೂಪ.

ಪಾತ್ ಆಫ್ ಎಕ್ಸೈಲ್‌ನ ಮೊದಲ ಆಟ ಇದಕ್ಕೂ ಒಂದು ಹೆಜ್ಜೆ ಮುಂದೆ ಹೋಗಿ ಪೆಟ್ಟಿನ ಗಾತ್ರವನ್ನೂ ಸೂತ್ರದೊಳಗೆ ತಂದಿದೆ: ಕವಚವನ್ನು, ಕವಚ ಮತ್ತು ಪೆಟ್ಟಿನ 5 ಪಟ್ಟು ಸೇರಿದ ಮೊತ್ತದಿಂದ ಭಾಗಿಸುವುದು. 1000 ಕವಚಕ್ಕೆ 100ರ ಪೆಟ್ಟು ಬಿದ್ದರೆ ಮೂರರಲ್ಲಿ ಎರಡು ಪಾಲು ತಡೆಯುತ್ತದೆ, 1000ದ ಪೆಟ್ಟು ಬಿದ್ದರೆ ಆರರಲ್ಲಿ ಒಂದು ಪಾಲು ಮಾತ್ರ. ಸಣ್ಣ ಪೆಟ್ಟುಗಳ ಗುಂಪಿಗೆ ಕವಚ ಗಟ್ಟಿ, ಒಂದೇ ದೊಡ್ಡ ಪೆಟ್ಟಿಗೆ ತೆಳು. ಆ ಆಟದ ವೇಗಕ್ಕೆ ಸರಿ. ಸರದಿಯ ಆಟದಲ್ಲಿ, ಆಟಗಾರ ಪ್ರತಿ ಸಂಖ್ಯೆಯನ್ನೂ ಕೂತು ನೋಡುವಲ್ಲಿ, ಒಂದೇ ಕವಚ ಒಮ್ಮೆ ಹೀಗೆ ಒಮ್ಮೆ ಹಾಗೆ ನಡೆದುಕೊಂಡರೆ ಅವನಿಗೆ ಏನೂ ಊಹಿಸಲಾಗುವುದಿಲ್ಲ.

ವಾರ್‌ಕ್ರಾಫ್ಟ್‌ನ ದಾರಿಯನ್ನೇ ಹಿಡಿದೆ, 0.06ರ ಬದಲು 0.05 ಇಟ್ಟು. ಆಗ ಕವಚ 10 ಅಂದರೆ ಪೆಟ್ಟು ಮೂರರಲ್ಲಿ ಒಂದು ಪಾಲು ಕಡಿಮೆ, 20 ಅಂದರೆ ಸರಿಯಾಗಿ ಅರ್ಧ. ನೆನಪಿಟ್ಟುಕೊಳ್ಳಲು ಸುಲಭ. ಕವಚ ತಡೆಯುವುದು ಕಡಿತ, ಇರಿತ, ಜಜ್ಜು ಮೂರನ್ನು ಮಾತ್ರ. ಬೆಂಕಿ, ಸಿಡಿಲು, ವಿಷ ಕವಚವನ್ನು ಕೇಳುವುದಿಲ್ಲ, ನೇರ ಗುಣಕಕ್ಕೆ ಹೋಗುತ್ತವೆ. ಪ್ರಮಾಣದ ಲೆಕ್ಕ ಆದ್ದರಿಂದ ಪೆಟ್ಟನ್ನು ಎಷ್ಟು ಚೂರು ಮಾಡಿದರೂ ಒಟ್ಟು ಅಷ್ಟೇ ಬರುತ್ತದೆ, ಹಾಗಾಗಿ ಚೂರಿಗೂ ತೂಟೆಗೂ ಮೋಸ ಇಲ್ಲ.

ಈಗ ಶತ್ರುವಿನ ಮೇಲೆ ಎರಡು ಪದರ ಆಯಿತು. ಕವಚ ಹೇಳುವುದು ಎಷ್ಟು ದಪ್ಪ ಎಂದು. ಗುಣಕ ಹೇಳುವುದು ಯಾವ ವಸ್ತು ಎಂದು. ಇವೆರಡನ್ನೂ ಬೇರೆ ಇಟ್ಟುಕೊಂಡ ಮೇಲೆ ಹೊಸ ಶತ್ರು ಬರೆಯುವುದು ಎಷ್ಟು ಸಲೀಸಾಯಿತು ಅಂದರೆ, ಚಿತ್ರ ಬರೆದ ಕೂಡಲೇ ಸಂಖ್ಯೆಗಳು ತಾವೇ ಬಂದು ಕೂರುತ್ತವೆ.

ಕೂಡುವುದೋ, ಗುಣಿಸುವುದೋ

ಆಟಗಾರನ ರೆಸಿಸ್ಟೆನ್ಸ್ ಬೇರೆ ಬೇರೆ ಕಡೆಯಿಂದ ಬರುತ್ತದೆ: ಮೈಮೇಲಿನ ಬಟ್ಟೆ, ತಾಯತ, ಕುಡಿದ ಕಷಾಯ. 50% ಬೆಂಕಿ ತಡೆಯುವ ಎರಡು ವಸ್ತು ಇದ್ದರೆ ಏನು ಮಾಡುವುದು? ಕೂಡಿದರೆ 100%, ಬೆಂಕಿ ಅವನಿಗೆ ಏನೂ ಅಲ್ಲ. ಗುಣಿಸಿದರೆ ಅರ್ಧದ ಅರ್ಧ, 25% ಬೀಳುತ್ತದೆ. ಎಲ್ಡನ್ ರಿಂಗ್ ಕವಚದ ತುಂಡುಗಳ ತಡೆಯನ್ನು ಗುಣಿಸುತ್ತದೆ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಐದನೇ ಆವೃತ್ತಿ ಇನ್ನೂ ಸರಳ: ಎಷ್ಟು ಕಡೆಯಿಂದ ಬಂದರೂ ಒಂದೇ ಸಲ ಅರ್ಧ, ಮತ್ತೆ ಅರ್ಧ ಇಲ್ಲ. ಮೇಜಿನ ಸುತ್ತ ಕೂತು ಬಾಯಲ್ಲೇ ಲೆಕ್ಕ ಹಾಕುವವರಿಗೆ ಅದಕ್ಕಿಂತ ಒಳ್ಳೆಯ ನಿಯಮ ಇಲ್ಲ.

2000ದ ಡಯಾಬ್ಲೊ 2 ಕೂಡುತ್ತದೆ, ಆದರೆ 75%ಕ್ಕೆ ಬೇಲಿ ಹಾಕುತ್ತದೆ. ವಿಶೇಷ ಸಾಮಾನು ಹಾಕಿದರೆ ಆ ಬೇಲಿಯನ್ನು 95%ವರೆಗೆ ಸರಿಸಬಹುದು. ಬೇಲಿ ಯಾಕೆ ಬೇಕು ಅಂದರೆ, ಮೇಲೆ ಹೋದ ಹಾಗೆ ಪ್ರತಿ ಅಂಕದ ಬೆಲೆ ಏರುತ್ತಾ ಹೋಗುತ್ತದೆ. 0ಯಿಂದ 5ಕ್ಕೆ ಹೋದರೆ 100 ಇದ್ದ ಪೆಟ್ಟು 95 ಆಗುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. 90ರಿಂದ 95ಕ್ಕೆ ಹೋದರೆ 10 ಇದ್ದದ್ದು 5 ಆಗುತ್ತದೆ, ಅಂದರೆ ಆಟಗಾರನ ಆಯುಸ್ಸು ಎರಡು ಪಟ್ಟು. ಅದೇ ಐದು ಅಂಕ! ಆ ಆಟದ ವಿಸ್ತರಣೆಯಲ್ಲಿ ಅತಿ ಕಷ್ಟದ ಹೆಲ್ ಹಂತಕ್ಕೆ ಬಂದ ಕೂಡಲೇ ಎಲ್ಲ ರೆಸಿಸ್ಟೆನ್ಸ್‌ನಿಂದ 100 ಕಳೆಯುತ್ತಾರೆ. ಹಾಗಾಗಿ 75 ಉಳಿಯಬೇಕಾದರೆ 175 ಕೂಡಿಹಾಕಬೇಕು. ಇದು ಕ್ರೂರ ಅನ್ನಿಸಬಹುದು, ಆದರೆ ಹಳೆಯ ಸಾಮಾನನ್ನು ಮತ್ತೆ ನೋಡುವಂತೆ ಮಾಡುತ್ತದೆ, ಅದು ನನಗೆ ಒಪ್ಪಿಗೆ.

ನಾನು ಆಟಗಾರನಿಗೆ ಕೂಡುವ ಲೆಕ್ಕ ಇಟ್ಟೆ, 75%ಕ್ಕೆ ಬೇಲಿ. ಬೇಲಿಗಿಂತ ಜಾಸ್ತಿ ಬಂದದ್ದನ್ನು ಬಿಸಾಡುವುದಿಲ್ಲ, ಒಳಗೆ ಇಟ್ಟುಕೊಳ್ಳುತ್ತೇನೆ. ಒಟ್ಟು 95 ಇದ್ದು ಶತ್ರು ಶಾಪ ಹಾಕಿ 20 ಇಳಿಸಿದರೂ 75 ಹಾಗೇ ಉಳಿಯುತ್ತದೆ. ಮೊದಲು ಬೇಲಿ ಹಾಕಿ ಆಮೇಲೆ 20 ಕಳೆದರೆ 55ಕ್ಕೆ ಬೀಳುತ್ತಿತ್ತು. ಎರಡೇ ಸಾಲಿನ ಕೋಡ್, ಯಾವ ಸಾಲು ಮೊದಲು ಎಂಬುದರ ಮೇಲೆ ಇಡೀ ತಾಯತದ ಬೆಲೆ ನಿಂತಿದೆ.

ಶತ್ರುಗಳಿಗೆ ಪೂರ್ತಿ ತಡೆ, ಅಂದರೆ ಇಮ್ಯೂನಿಟಿ, ಕೊಡಬೇಕೋ ಬೇಡವೋ ಎಂಬುದಕ್ಕೆ ನನ್ನ ಅಭಿಪ್ರಾಯ ಗಟ್ಟಿಯಾಗಿದೆ. ಡಯಾಬ್ಲೊ 2ರಲ್ಲಿ ಬರೀ ಬೆಂಕಿ ಅಥವಾ ಬರೀ ಹಿಮ ಕಲಿತ ಮಾಂತ್ರಿಕಳು ಹೆಲ್‌ನಲ್ಲಿ ಆ ಟೈಪ್ ತಾಗದ ಶತ್ರು ಎದುರಾದರೆ ಸುತ್ತು ಹಾಕಿ ಓಡಬೇಕು, ಇಲ್ಲ ಜೊತೆಗಾರನನ್ನು ನಂಬಬೇಕು. ಆಟಗಾರ ಗಂಟೆಗಟ್ಟಲೆ ಹಿಂದೆ ಮಾಡಿದ ಆಯ್ಕೆಗೆ ಈಗ ಬಾಗಿಲು ಹಾಕಬಾರದು. ನನ್ನ ಆಟದಲ್ಲಿ ಪ್ರತಿ ಸರದಿಗೆ ಒಮ್ಮೆ ಆಯುಧ ಬದಲಿಸುವುದು ಉಚಿತ. ಆ ಬಾಗಿಲು ತೆರೆದಿರುವುದರಿಂದಲೇ ಕೆಲವು ಕಡೆ ಸೊನ್ನೆ ಇಡುವ ಧೈರ್ಯ ಬಂತು: ಕಲ್ಲಿಗೆ ವಿಷ 0. ಉಳಿದ ಎಲ್ಲ ಕಡೆ ಕನಿಷ್ಠ 1 ಪೆಟ್ಟು ಬೀಳಲೇಬೇಕು.

ಕಲ್ಲು, ಏಡಿ, ಮಡಲು

ಮುರಕಲ್ಲಿನ (ಲ್ಯಾಟರೈಟ್, ಕೆಂಪು ಕಲ್ಲು) ದೈತ್ಯ ಈ ಆಟದ ಜೀವ. ನಮ್ಮ ಮನೆಗಳ ಗೋಡೆ, ಬಾವಿಯ ಕಟ್ಟೆ, ಪಾಗಾರ ಎಲ್ಲ ಮುರಕಲ್ಲೇ ಅಲ್ವಾ. ಕೋರೆಯಲ್ಲಿ ಆಗತಾನೇ ತೆಗೆದ ಮುರಕಲ್ಲು ಮೆದು, ಹತ್ಯಾರದಲ್ಲಿ ಕೆತ್ತಿ ಚೌಕ ಮಾಡಬಹುದು. ಗಾಳಿ ಬಿಸಿಲಿಗೆ ಬಿದ್ದ ಮೇಲೆ ಗಟ್ಟಿಯಾಗುತ್ತಾ ಹೋಗುತ್ತದೆ. 1800ರ ಆಸುಪಾಸಿನಲ್ಲಿ ಮೈಸೂರು, ಕೆನರಾ, ಮಲಬಾರ್ ಸುತ್ತಿದ ಫ್ರಾನ್ಸಿಸ್ ಬುಕಾನನ್ ಇದನ್ನೇ ನೋಡಿ ಬೆರಗಾಗಿ ಬರೆದಿಟ್ಟಿದ್ದ: ನೆಲದೊಳಗಿರುವಾಗ ದೊಡ್ಡ ಕತ್ತಿಯಿಂದಲೂ ಕತ್ತರಿಸಬಹುದು, ಹೊರಗೆ ಬಂದ ಮೇಲೆ ಸುಟ್ಟ ಇಟ್ಟಿಗೆಯಷ್ಟು ಗಟ್ಟಿ. ಇಂಥ ಕಲ್ಲು ಕಾಲಡಿಯಲ್ಲೇ ಇರುವಾಗ ರೆಸಿಸ್ಟೆನ್ಸ್ ಅನ್ನು ಯಾಕೆ ಒಂದು ನಿಂತ ಸಂಖ್ಯೆಯಾಗಿ ಇಡಬೇಕು?

ಹಾಗಾಗಿ ದೈತ್ಯ ಕೋರೆಯಿಂದ ಎದ್ದು ಬರುವಾಗ ಮೆದುವಾಗಿರುತ್ತಾನೆ. ಕಡಿತದ ಗುಣಕ ಮೊದಲ ಸರದಿಯಲ್ಲಿ 1.5, ಆಮೇಲೆ 1.25, 1.0, 0.75, ಕೊನೆಗೆ 0.5ಕ್ಕೆ ಬಂದು ನಿಲ್ಲುತ್ತದೆ. ಜಜ್ಜು ಇದಕ್ಕೆ ಉಲ್ಟಾ. ಮೆದು ಕಲ್ಲು ಪೆಟ್ಟು ನುಂಗುತ್ತದೆ, ಗಟ್ಟಿಯಾದದ್ದು ಒಡೆಯುತ್ತದೆ: 0.75, 1.0, 1.25, ಆಮೇಲೆ 1.5. ಹೆಲ್ತ್ 125, ಕವಚ 10. ಬರೀ ಕತ್ತಿ ಹಿಡಿದವನು ಮೊದಲ ಐದು ಪೆಟ್ಟಿಗೆ 18, 15, 12, 9, 6 ಪಡೆದು, ಆಮೇಲೆ 6ರಲ್ಲೇ ಕುಟ್ಟುತ್ತಾ 16 ಸರದಿ ತೆಗೆದುಕೊಳ್ಳುತ್ತಾನೆ. ಬರೀ ಒನಕೆಯವನಿಗೆ 8 ಸರದಿ. ಮೊದಲ ಎರಡು ಸರದಿ ಕತ್ತಿಯಲ್ಲಿ ಕೆತ್ತಿ ಮೂರನೆಯದಕ್ಕೆ ಒನಕೆಗೆ ಬದಲಿಸಿದವನು 7ರಲ್ಲಿ ಮುಗಿಸುತ್ತಾನೆ. ಅಂತರ ಒಂದೇ ಸರದಿ, ಆದರೆ ದೈತ್ಯನ ಒಂದು ಗುದ್ದು ತಪ್ಪಿದರೆ ಅದು ದೊಡ್ಡದೇ.

ಮಳೆ ಬಂದರೆ ಲೆಕ್ಕ ತಲೆಕೆಳಗು. ಒದ್ದೆ ಮುರಕಲ್ಲಿಗೆ ಒಣಗಿದ ಕಲ್ಲಿನ ಬಲ ಇಲ್ಲ. ಹಾಗಾಗಿ ಮಳೆ ಬೀಳುತ್ತಿರುವಷ್ಟು ಹೊತ್ತು ಗಟ್ಟಿಯಾಗುವುದು ನಿಲ್ಲುತ್ತದೆ. ಮೊದಲ ಸರದಿಯಿಂದಲೇ ಮಳೆ ಇದ್ದರೆ ಕತ್ತಿ ಪ್ರತಿ ಸಲ 18 ಹೊಡೆದು 7 ಸರದಿಯಲ್ಲಿ ಮುಗಿಸುತ್ತದೆ. ಅದೇ ಕತ್ತಿ, ಅದೇ ದೈತ್ಯ, 16ರ ಬದಲು 7. ಆಟಗಾರ ಕೋರೆಯ ಬಾಯಲ್ಲಿ ನಿಂತು ಮೋಡ ನೋಡಿ, ಇವತ್ತು ಇಳಿಯಲೋ ಬೇಡವೋ ಎಂದು ಯೋಚಿಸಬೇಕು. ನಾನು ಈ ಆಟ ಕಟ್ಟಲು ಹೊರಟದ್ದೇ ಆ ಒಂದು ಯೋಚನೆಗಾಗಿ.

ಏಡಿಯದು ಸರಳ. ಚಿಪ್ಪನ್ನು ಜಜ್ಜಿ ತಿನ್ನುವ ಊರಿನವರಿಗೆ ಸುಳಿವು ಬೇಕಿಲ್ಲ: ಕಡಿತ 0.5, ಇರಿತ 0.75, ಜಜ್ಜು 1.5. ಹೆಲ್ತ್ 40, ಕವಚ 4. ಒನಕೆಗೆ ಎರಡು ಪೆಟ್ಟು, ಭರ್ಚಿಗೆ ನಾಲ್ಕು, ಕತ್ತಿಗೆ ಆರು. ಆದರೆ ಏಡಿ ಬೆಳೆಯುವಾಗ ಹಳೆಯ ಚಿಪ್ಪು ಕಳಚುತ್ತದೆ, ಹೊಸದು ಗಟ್ಟಿಯಾಗುವವರೆಗೆ ಮೈ ಮೆದು. ಅಂಥ ಏಡಿಗೆ ಕವಚ 0, ಎಲ್ಲ ಗುಣಕ 1.0, ಬಣ್ಣ ಸ್ವಲ್ಪ ತಿಳಿ. ಬಣ್ಣ ಗಮನಿಸಿದವನು ಕತ್ತಿಯಲ್ಲೇ ಮೂರು ಪೆಟ್ಟಿಗೆ ಮುಗಿಸುತ್ತಾನೆ. ಲೋಳೆ ಮೀನಿಗೆ ಜಜ್ಜು 0.5, ಕಡಿತ 1.25, ಅಷ್ಟೇ, ಅದರ ಬಗ್ಗೆ ಜಾಸ್ತಿ ಹೇಳುವುದಿಲ್ಲ.

ಒಣ ಮಡಲಿನಿಂದ ಹೆಣೆದ ಕಾವಲುಗಾರನಿಗೆ ಬೆಂಕಿ 2.0. ಇವನ ಮೇಲೆ ಒದ್ದೆ ಸ್ಥಿತಿಯನ್ನು ಪರೀಕ್ಷಿಸಿದೆ. ಒದ್ದೆಯಾದವರಿಗೆ ಬೆಂಕಿ 0.5, ಸಿಡಿಲು 1.5. ಈಗ ಬಲಹೀನತೆಯ 100% ಹೆಚ್ಚಳದಿಂದ ಒದ್ದೆಯ 50% ಕಳೆದರೆ ಒಂದೂವರೆ ಪಟ್ಟು ಉರಿಯುತ್ತಾನೆ. ಗುಣಿಸಿದರೆ 2.0 ಮತ್ತು 0.5 ಸೇರಿ 1.0. ಜುಲೈ ಮಳೆಯಲ್ಲಿ ಒಲೆಗೆ ಒದ್ದೆ ಮಡಲು ತುರುಕಿ ಹೊಗೆ ಕುಡಿದವರು ಯಾವ ಲೆಕ್ಕ ಸರಿ ಎಂದು ಹೇಳಬಲ್ಲರು. ಗುಣಿಸಿದೆ. ಅವನ ಹೆಲ್ತ್ 50, ಜಜ್ಜು 0.75. ಒಣಗಿದ್ದಾಗ ತೂಟೆ ಒಂದು ಪೆಟ್ಟಿಗೆ 28.5, ಎರಡರಲ್ಲಿ ಮುಗಿಯಿತು. ಒದ್ದೆಯಾದಾಗ 16.5, ನಾಲ್ಕು ಬೇಕು, ಆಗ ಮೂರು ಪೆಟ್ಟಿನ ಕತ್ತಿಯೇ ಮೇಲು.

ಸಮುದ್ರದ ನೀರಿಗೆ ಬೇರೆ ಸ್ಥಿತಿ ಇಟ್ಟಿದ್ದೇನೆ. ಉಪ್ಪುನೀರು ಮಳೆನೀರಿಗಿಂತ ಎಷ್ಟೋ ಚೆನ್ನಾಗಿ ವಿದ್ಯುತ್ ಹರಿಸುತ್ತದೆ, ಹಾಗಾಗಿ ಸಿಡಿಲು 1.75. ಸಿಡಿಲಿಗೆ ಮೊದಲೇ 1.5 ಇರುವ ಶತ್ರು ಸಮುದ್ರದಲ್ಲಿ ನಿಂತಿದ್ದರೆ 2.625 ಆಗಿಬಿಡುತ್ತದೆ. ಅದಕ್ಕೇ, ಬೇಕೆಂದೇ ಇಟ್ಟ ಸೊನ್ನೆಗಳನ್ನು ಬಿಟ್ಟು, ಕೊನೆಯ ಗುಣಕವನ್ನು 0.25ರಿಂದ 2.5ರ ಒಳಗೆ ಹಿಡಿದಿಟ್ಟೆ. ಡಿವಿನಿಟಿ: ಒರಿಜಿನಲ್ ಸಿನ್ 2ರಲ್ಲಿ ನೆಲದ ನೀರಿಗೆ ಮಿಂಚು ತಾಗಿಸಿ ಇಡೀ ಗುಂಪನ್ನು ಹೊಡೆಯುವುದು ಎಷ್ಟು ಖುಷಿ ಕೊಡುತ್ತದೆ ಎಂದು ಆಡಿದವರಿಗೆ ಗೊತ್ತು. ಆ ಖುಷಿ ಇಲ್ಲೂ ಬೇಕು, ಆದರೆ ಅದೊಂದೇ ಆಟ ಆಗಬಾರದು.

ಋತುವನ್ನು ತುಳು ತಿಂಗಳ ಮೇಲೆ ಕಟ್ಟಿದ್ದೇನೆ. ಪತ್ತನಾಜೆಗೆ (ಮೇ ಕೊನೆಗೆ ಬರುವ, ಮಳೆಗಾಲದ ಹೊಸ್ತಿಲಿನ ದಿನ) ಮುಂಚಿನ ಪಗ್ಗು, ಬೇಷದಲ್ಲಿ ಸಂಜೆ ಗುಡುಗು ಸಿಡಿಲು ಜೋರು, ನೆಲ ಮಾತ್ರ ಒಣ. ಆಟಿಯಲ್ಲಿ (ಜುಲೈ, ಆಗಸ್ಟ್) ಮಳೆ ನಿಲ್ಲುವುದೇ ಇಲ್ಲ, ಆದರೆ ಸಿಡಿಲು ಕಮ್ಮಿ. ಹಾಗಾಗಿ ಸಿಡಿಲಿನ ಮಂತ್ರದ ಮೂಲ ಬಲ ಜಾಸ್ತಿ ಇರುವ ಕಾಲಕ್ಕೂ ಎಲ್ಲರೂ ಒದ್ದೆಯಾಗಿರುವ ಕಾಲಕ್ಕೂ ತಾಳೆಯಾಗುವುದಿಲ್ಲ. ಇದನ್ನು ನಾನು ಸಮತೋಲನಕ್ಕೆಂದು ಹೊಸೆಯಲಿಲ್ಲ, ನಮ್ಮ ಹವೆಯೇ ಹಾಗಿದೆ. ಗೊರಬೆ, ಅಂದರೆ ಎಲೆಯಿಂದ ಹೆಣೆದ ಮಳೆ ಹೊದಿಕೆ, ಹಾಕಿದರೆ ಆಟಗಾರ ಮಳೆಗೆ ಒದ್ದೆಯಾಗುವುದಿಲ್ಲ. ಅದರ ವಿವರಣೆಯಲ್ಲಿ ಸಿಡಿಲಿನ ರೆಸಿಸ್ಟೆನ್ಸ್ ಎಂದು ಎಲ್ಲೂ ಬರೆದಿಲ್ಲ, ಬರೆಯುವುದೂ ಇಲ್ಲ. ಅಡಿಕೆ ಹಾಳೆಯ ಟೋಪಿ ಮುಟ್ಟಾಳೆಗೆ ಕವಚ 1, ಬೆಂಕಿಗೆ ಸ್ವಲ್ಪ ಬಲಹೀನ.

ತೋರಿಸುವ ಕೆಲಸ

ಪೋಕೆಮಾನ್ ಮೊದಲಿನಿಂದಲೂ ಪೆಟ್ಟು ಚೆನ್ನಾಗಿ ತಾಗಿದರೆ ಬಾಯಿಬಿಟ್ಟು ಹೇಳುತ್ತದೆ. 2016ರ ಸನ್ ಮತ್ತು ಮೂನ್‌ನಿಂದ, ಒಮ್ಮೆ ಎದುರಾದ ಪ್ರಾಣಿಗೆ ಯಾವ ದಾಳಿ ತಾಗುತ್ತದೆ ಎಂದು ಆರಿಸುವ ಮೊದಲೇ ತೋರಿಸುತ್ತದೆ. ನಾನು ಅಷ್ಟು ಮುಂಚೆ ಹೇಳುವುದಿಲ್ಲ, ಆದರೆ ಹೊಡೆದ ಮೇಲೆ ಅನುಮಾನ ಉಳಿಯಬಾರದು. ಗುಣಕ 0.75 ಅಥವಾ ಅದಕ್ಕಿಂತ ಕಡಿಮೆಯಾದರೆ ಆಯುಧ ಹಿಂದಕ್ಕೆ ಎಗರುತ್ತದೆ, ಠಣ್ ಎಂಬ ಶಬ್ದ. 1.25 ಅಥವಾ ಜಾಸ್ತಿಯಾದರೆ ಚೂರು ಹಾರುತ್ತದೆ, ಒಂದು ಕ್ಷಣ ಪರದೆ ನಿಲ್ಲುತ್ತದೆ. ಕೆಂಪು ಹಸಿರು ಗುರುತಿಸಲಾಗದವರು ಇರುತ್ತಾರೆ, ಹಾಗಾಗಿ ಬಣ್ಣವೊಂದನ್ನೇ ನಂಬದೆ ಪ್ರತಿ ಟೈಪ್‌ಗೆ ಬೇರೆ ಆಕಾರದ ಚಿಹ್ನೆ ಇಟ್ಟೆ.

ಉಡುಪಿಯಲ್ಲಿರುವ ನನ್ನ ತಂಗಿಗೆ ಏನೂ ಹೇಳದೆ ಆಡಲು ಕೊಟ್ಟೆ. ಅವಳು ಕತ್ತಿಯಲ್ಲೇ ದೈತ್ಯನಿಗೆ ಹೊಡೆಯುತ್ತಾ ಹೋದಳು. ನಾಲ್ಕನೇ ಪೆಟ್ಟಿಗೆ ಠಣ್ ಅಂದಾಗ ಕೈ ನಿಲ್ಲಿಸಿ, ಇವನು ಒಣಗ್ತಾ ಇದ್ದಾನಾ ಎಂದು ಕೇಳಿದಳು. ಉತ್ತರ ಕೊಡಲಿಲ್ಲ. ಒನಕೆ ತೆಗೆದಳು. ಪರದೆಯ ಮೇಲೆ ಒಂದು ಅಕ್ಷರದ ಸುಳಿವೂ ಇರಲಿಲ್ಲ ಮಾರಾಯ್ರೆ, ದೈತ್ಯನ ಮೈಬಣ್ಣ ತಿಳಿ ಕೆಂಪಿನಿಂದ ಕಂದಿಗೆ ತಿರುಗುತ್ತಿದ್ದದ್ದನ್ನು ಬಿಟ್ಟರೆ.

ಇದರ ಜೊತೆಗೆ ಒಂದು ಸಣ್ಣ ಪರೀಕ್ಷಾ ಸ್ಕ್ರಿಪ್ಟ್ ಬರೆದಿದ್ದೇನೆ. ಗೊಡೋವನ್ನು ಹೆಡ್‌ಲೆಸ್ ಆಗಿ, ಅಂದರೆ ಪರದೆ ಇಲ್ಲದೆ ಓಡಿಸಿದರೆ ಪ್ರತಿ ಆಯುಧವನ್ನು ಪ್ರತಿ ಶತ್ರುವಿನ ಎದುರು, ಒಣ ಹವೆ, ಮಳೆ, ಉಪ್ಪುನೀರು ಮೂರರಲ್ಲೂ ಆಡಿಸಿ ಎಷ್ಟು ಸರದಿ ಬೇಕು ಎಂದು ಬರೆದುಕೊಡುತ್ತದೆ. ಕತ್ತಿ, ಭರ್ಚಿ, ಒನಕೆ ಮೂರೂ ಯಾವಾಗಲೂ ಆಟಗಾರನ ಚೀಲದಲ್ಲಿರುತ್ತವೆ, ಇವುಗಳ ಒಳಗೆ ಅತಿ ಒಳ್ಳೆಯದಕ್ಕೂ ಅತಿ ಕೆಟ್ಟದ್ದಕ್ಕೂ 3 ಪಟ್ಟಿಗಿಂತ ಹೆಚ್ಚು ಅಂತರ ಬಂದರೆ ಆ ಸಾಲನ್ನು ಕೆಂಪು ಮಾಡುತ್ತದೆ. ಏಡಿ ಸರಿಯಾಗಿ 3ರಲ್ಲಿ ನಿಂತಿದೆ. ದೈತ್ಯ 2ರಲ್ಲಿ. ಸಂಖ್ಯೆ ಬದಲಿಸಿದಾಗಲೆಲ್ಲ ಇದನ್ನು ಓಡಿಸದೆ ಫೈಲ್ ಮುಚ್ಚುವುದಿಲ್ಲ.

ಉಳಿದದ್ದು ಸರದಿಯಿಂದ ಸರದಿಗೆ ತಗಲುವ ಉರಿ ಮತ್ತು ವಿಷ. ಹಚ್ಚಿದ ಕ್ಷಣದ ಗುಣಕವನ್ನೇ ಕೊನೆವರೆಗೆ ಹಿಡಿಯಬಹುದು, ಇಲ್ಲ ಪ್ರತಿ ಸರದಿಗೆ ಹೊಸದಾಗಿ ಲೆಕ್ಕ ಹಾಕಬಹುದು. ಎರಡನೆಯದನ್ನೇ ಬರೆಯುತ್ತಿದ್ದೇನೆ. ಮಡಲಿನ ಕಾವಲುಗಾರನಿಗೆ ಬೆಂಕಿ ಹಚ್ಚಿದ ಮೇಲೆ ಮಳೆ ಶುರುವಾದರೆ ಮುಂದಿನ ಸರದಿಯಿಂದಲೇ ಉರಿ ಅರ್ಧಕ್ಕೆ ಇಳಿಯಬೇಕು, ಅವನು ಹೊಳೆಗೆ ಹಾರಿದರೂ ಅಷ್ಟೇ. ಹಾವಿನ ವಿಷಕ್ಕೆ ಮಳೆ ತಾಗುವುದಿಲ್ಲ, ಕಷಾಯ ಕುಡಿದ ಸರದಿಯಿಂದ ಮಾತ್ರ ಗುಣಕ ಬದಲಾಗುತ್ತದೆ.